ಟವರ್ ಸಿ ವಿಳಾಸದ ಅರ್ಜಿ

ನಮ್ಮ ಕನ್ನಡ ಸಂಘದ ವಿದ್ಯಾರ್ಥಿವೇತನದ ನಿಯಮಗಳನ್ನು ಬರೆದವಳು ನಾನು. ಸಮಿತಿ ಬರೆದದ್ದು ಎಂದು ಯಾರಾದರೂ ಹೇಳಿದರೆ ಅಲ್ಲೇ ತಿದ್ದುತ್ತೇನೆ. ಸಮಿತಿಯವರು ಚಹಾ ಕುಡಿದರು, ನಾನು ಬರೆದೆ. ಒಟ್ಟು ಹನ್ನೊಂದು ನಿಯಮ. ಏಳನೆಯದರ ಬಗ್ಗೆ ನನಗೆ ವಿಶೇಷ ಹೆಮ್ಮೆಯಿತ್ತು. ಅರ್ಜಿಯ ಮೇಲೆ ಸಂಘದ, ಆದರೆ ಸಮಿತಿಯ ಹೊರಗಿನ, ಇಬ್ಬರು ಸದಸ್ಯರ ಶಿಫಾರಸಿನ ಸಹಿ ಇರಬೇಕು, ಆ ಇಬ್ಬರೂ ಅರ್ಜಿದಾರರ ಸಂಬಂಧಿಕರಾಗಿರಬಾರದು. ಇದು ಬರುವುದಕ್ಕೆ ಮೊದಲು ಒಬ್ಬರ ಷಡ್ಡಕನ ಮಗ, ಇನ್ನೊಬ್ಬರ ಸೊಸೆಯ ತಮ್ಮ, ಹೀಗೆ ವಿದ್ಯಾರ್ಥಿವೇತನವು ಸಮಿತಿಯವರ ಮನೆಗಳೊಳಗೇ ತಿರುಗುತ್ತಿತ್ತು. ಬಂದ ಮೇಲೆ ನಿಂತಿತು.

ನಿಯಮ ನನಗೆ ಹುಟ್ಟಿನಿಂದ ಬಂದದ್ದು. ಅಪ್ಪ ಸಿಕಂದರಾಬಾದಿನ ದಂಡಿನಲ್ಲಿ ಗುಮಾಸ್ತರಾಗಿದ್ದರು. ಬೆಳಿಗ್ಗೆ ಐದಕ್ಕೆ ಏಳಬೇಕು, ಐದೂ ಹತ್ತಕ್ಕೆ ಹಾಸಿಗೆ ಮಡಿಸಿರಬೇಕು. ಆಮೇಲೆ ನಾನು ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ಟೈಮ್ ಆಫೀಸಿಗೆ ಸೇರಿದೆ. ಗೇಟು ಏಳೂವರೆಗೆ ಮುಚ್ಚುತ್ತಿತ್ತು. ಏಳು ಮೂವತ್ತೊಂದಕ್ಕೆ ಬಂದವನು ಸಾಹೇಬರ ಅಳಿಯನಾದರೂ ಹೊರಗೆ. ಮೂವತ್ತನಾಲ್ಕು ವರ್ಷ ಹೀಗೆ ದುಡಿದು ನಿವೃತ್ತಳಾಗಿ, ಸಿಕಂದರಾಬಾದಿನ ಪಕ್ಕದ ಉಪ್ಪಲಿನಲ್ಲಿ ಮನೆ ಮಾಡಿಕೊಂಡು, ಸಂಘದ ಕಾರ್ಯದರ್ಶಿಯಾದೆ. ಸಮಿತಿಯಲ್ಲಿ ಐದು ಜನ, ಐದೂ ಜನ ಪಿಂಚಣಿದಾರರು. ಅಧ್ಯಕ್ಷರು ಮೈಸೂರು ಕಡೆಯವರು, ವಿಜ್ಞಾನಿಯಾಗಿದ್ದವರು. ಖಜಾಂಚಿ ಹುಬ್ಬಳ್ಳಿಯವರು, ಬ್ಯಾಂಕಿನಲ್ಲಿದ್ದವರು. ಇನ್ನಿಬ್ಬರು ಅಧ್ಯಕ್ಷರ ತಲೆ ಯಾವ ಕಡೆ ಆಡುತ್ತದೋ ಆ ಕಡೆ ತಲೆ ಆಡಿಸುವವರು.

ಆ ವರ್ಷದ ಅರ್ಜಿಗಳ ರಾಶಿಯಲ್ಲಿ ಇಂಜಿನಿಯರಿಂಗ್, ಮೆಡಿಕಲ್, ಮತ್ತೆ ಇಂಜಿನಿಯರಿಂಗ್. ನಡುವೆ ಒಂದು ಅರ್ಜಿ ಎಂ.ಎ. ಎರಡನೇ ವರ್ಷದ ಮಾನವಶಾಸ್ತ್ರದ್ದು. ಹುಡುಗಿ ಇಲ್ಲಿಯ ವಿಶ್ವವಿದ್ಯಾಲಯದವಳು.

"ಮಾನವಶಾಸ್ತ್ರ ಅಂದ್ರೆ ಬುರುಡೆ ಅಳೀತಾರಲ್ಲ, ಅದಾ?" ಎಂದು ಅಧ್ಯಕ್ಷರು ಕೇಳಿದರು.

"ಕಾಡಿನ್ಯಾಗ ಹೋಗಿ ಫೋಟೋ ತಗೀತಾರ್ರಿ," ಎಂದರು ಖಜಾಂಚಿ. "ಅದಕ್ಕ ಸಂಘದ ರೊಕ್ಕಾ ಯಾಕ? ವಿಳಾಸ ನೋಡ್ರಿ ಇಕಿದು. ಕೊಂಡಾಪುರ, ಟವರ್ ಸಿ! ನನ್ನ ಪಿಂಚಣಿ ಒಳಗ ಅಲ್ಲಿ ಒಂದ ಬಚ್ಚಲಾ ಸೈತ ಬರಂಗಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಶಿಫಾರಸಿನ ಜಾಗ ಖಾಲಿ ಇತ್ತು. ಕೆಂಪು ಶಾಯಿಯಲ್ಲಿ ಬರೆದೆ: "ಸ್ಥಿತಿವಂತ ಕುಟುಂಬ. ಶಿಫಾರಸಿನ ಸಹಿಗಳಿಲ್ಲ. ತಿರಸ್ಕೃತ." ಅಷ್ಟಕ್ಕೆ ನಾಲ್ಕು ನಿಮಿಷ ಹಿಡಿಯಿತು. ಮರುದಿನ ಅಂಚೆಗೆ ಹಾಕಿದೆ.

ಗುರುವಾರ ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ನಾನು ಮೂರೂವರೆಗೆ ಮೊದಲು ಬಾಗಿಲು ತೆರೆಯುವುದಿಲ್ಲ. ಆಕೆ ಮೂರಕ್ಕೇ ಬಂದು ಮೆಟ್ಟಿಲ ಮೇಲೆ ಕುಳಿತಿದ್ದಳೆಂದು ಕೆಳಗಿನ ಮನೆಯವರು ಆಮೇಲೆ ಹೇಳಿದರು. ಕೈಯಲ್ಲಿ ನಮ್ಮ ಕಾಗದ.

"ಅಮ್ಮಾರ, ಈ ಕೆಂಪು ಶಾಯಿ ನಿಮ್ದೇನ್ರಿ?"

"ನಂದ."

"ಸ್ಥಿತಿವಂತರು ಅಂತ ಬರದೀರಿ. ನಮ್ಮವ್ವಗ ಓದಿ ಹೇಳ್ದೆ. ಭಾಳ ನಕ್ಕಳ್ರಿ. ಇನ್ನೊಮ್ಮೆ ಓದು ಅಂದ್ಲು."

ಒಳಗೆ ಕರೆದೆ. ಆಕೆ ಹೇಳಿದ್ದು ಇಷ್ಟು. ಟವರ್ ಸಿ ಇನ್ನೂ ಕಟ್ಟುತ್ತಿರುವ ಕಟ್ಟಡ. ಅಪ್ಪ ಅಲ್ಲಿ ಸೆಂಟ್ರಿಂಗ್ ಕೆಲಸದವನು, ಕಾಂಕ್ರೀಟು ಸುರಿಯುವ ಮೊದಲು ಹಲಗೆ ಬಡಿಯುವವನು. ಅವ್ವ ಇಟ್ಟಿಗೆ ಹೊರುತ್ತಾಳೆ. ಯಾದಗಿರಿ ಜಿಲ್ಲೆಯವರು. ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳಿವೆ, ಹನ್ನೊಂದನೆಯದು ಇವರದು.

"ಶೆಡ್ ನಂಬರ್ ಹನ್ನೊಂದು ಅಂತ ಬರದ್ರ ಪೋಸ್ಟ್‌ಮ್ಯಾನ್ ವಾಪಸ್ ಒಯ್ತಾನ್ರಿ. ಟವರ್ ಹೆಸರು ಬರದ್ರ ಗೇಟಿಗೆ ಕೊಟ್ಟು ಹೋಗ್ತಾನ. ಶೆಡ್ಡಿನ ಮಂದಿ ಎಲ್ಲಾರೂ ಹಂಗ ಬರೀತಾರ. ಹ್ವಾದ ವರ್ಷ ನಾವು ಸ್ವಿಮ್ಮಿಂಗ್ ಪೂಲ್ ಇದ್ದ ಅಪಾರ್ಟ್‌ಮೆಂಟಿನ್ಯಾಗ ಇದ್ವಿ."

ನನಗೆ ನಗು ಬರಲಿಲ್ಲ. ಆ ಕೆಂಪು ಸಾಲು ನನ್ನ ಕೈಬರಹದಲ್ಲಿ, ನನ್ನದೇ ಮೇಜಿನ ಮೇಲೆ ಬಿದ್ದಿತ್ತು.

ಬೇರೆ ಕಡೆ ಯಾಕೆ ಕೇಳಲಿಲ್ಲ ಎಂದು ವಿಚಾರಿಸಿದೆ. ಎಲ್ಲ ಕಡೆ ಕೇಳಿಯಾಗಿತ್ತು. ನಾನು ಉದ್ದದ ರಿಜಿಸ್ಟರ್ ತೆಗೆದು ಗೆರೆ ಎಳೆದೆ: ಕೊಡುವವರು ಯಾರು, ಕೇಳುವ ಪತ್ರ ಯಾವುದು, ಕೊನೆಯ ದಿನ ಯಾವಾಗ, ಏನಾಯಿತು. ಆಕೆ ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ಇಲ್ಲಿಯ ಸರಕಾರದ ಕಚೇರಿಯಲ್ಲಿ, ಶಾಲೆ ಓದಿದ್ದು ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದುಕೊಂಡು, ಈ ರಾಜ್ಯದಲ್ಲಲ್ಲ, ಆದ್ದರಿಂದ ಸ್ಥಳೀಯಳಲ್ಲ ಎಂದರು. ಊರಿನ ಕಚೇರಿಯಲ್ಲಿ, ತಂದೆ ಖುದ್ದು ಬಂದು ಆದಾಯದ ಪತ್ರ ಪಡೆಯಬೇಕು ಎಂದರು. ತಂದೆ ಎರಡು ಸಲ ಕೂಲಿ ಬಿಟ್ಟು ಹೋದ, ಎರಡು ಸಲವೂ ಸಾಹೇಬರು ಮೀಟಿಂಗಿನಲ್ಲಿದ್ದರು. ಅಷ್ಟರಲ್ಲಿ ಕೊನೆಯ ದಿನ ದಾಟಿತು. ದೊಡ್ಡ ಸಂಶೋಧನಾ ಫೆಲೋಶಿಪ್ಪುಗಳು ಪಿಎಚ್.ಡಿ.ಗೆ ಸೇರಿದವರಿಗೆ, ಎಂ.ಎ. ಮುಗಿಯದೆ ಅಲ್ಲಿಗೆ ಹೋಗುವಂತಿಲ್ಲ. ವಿಭಾಗದವರು ಇಡೀ ತರಗತಿಯನ್ನು ಒಂದು ಹಳ್ಳಿಗೆ ಕರೆದೊಯ್ದು ತಂದಿದ್ದರು, ಅದರ ಖರ್ಚಿಗೇ ಅವರ ಹಣ ಮುಗಿದಿತ್ತು. ಆಕೆಯ ಸ್ವಂತ ಪ್ರಬಂಧದ ಕ್ಷೇತ್ರಕಾರ್ಯಕ್ಕೆ ಎಲ್ಲೂ ಏನೂ ಇರಲಿಲ್ಲ. ಕೊನೆಯ ಅಂಕಣದಲ್ಲಿ ಒಂದರ ಕೆಳಗೊಂದು "ಇಲ್ಲ" ಬರೆದು ನನ್ನ ಕೈಗೇ ಬೇಸರವಾಯಿತು. ಒಂದೊಂದು ನಿಯಮವೂ ಬಿಡಿಯಾಗಿ ನೋಡಿದರೆ ಸರಿಯಾಗಿಯೇ ಇತ್ತು. ನಾನೇ ಬರೆದಿದ್ದರೂ ಹಾಗೇ ಬರೆಯುತ್ತಿದ್ದೆ.

"ನಿನ್ನ ವಿಷಯ ಏನು?"

"ಶೆಡ್ಡಿನ ಸಂಬಂಧಗಳು, ಅಮ್ಮಾರ. ಗುರ್ತ ಇಲ್ಲದವರು ಒಂದ ಕಡೆ ಇದ್ದು ಹೆಂಗ ಬೀಗರು, ಅಣ್ಣತಮ್ಮರು ಆಗ್ತಾರ ಅಂತ."

"ನಿಮ್ಮ ಮನ್ಯಾಗ ಕೂತು ಬರಿಯಾಕ ರೊಕ್ಕಾ ಯಾಕ ಬೇಕು?"

ಈ ಪ್ರಶ್ನೆಯನ್ನು ಸಮಿತಿ ಕೇಳೇ ಕೇಳುತ್ತದೆ. ಅದಕ್ಕೇ ಮೊದಲು ನಾನು ಕೇಳಿದೆ. ಆಕೆ ಸಿಟ್ಟಾಗಲಿಲ್ಲ. ಸಂಜೆ ನಾಲ್ಕರಿಂದ ಒಂದು ಗೋದಾಮಿನಲ್ಲಿ ಸಾಮಾನು ಪ್ಯಾಕ್ ಮಾಡುವ ಕೆಲಸ, ಆ ದುಡಿಮೆಯಿಂದಲೇ ಓದು. ಅವತ್ತು ಕೂಲಿ ಬಿಟ್ಟು ಬಂದಿದ್ದಳು. ಶೆಡ್ಡಿನ ಜನ ಮನೆಯಲ್ಲಿ ಸಿಗುವುದೂ ಸಂಜೆಯೇ. ನಾಲ್ಕು ತಿಂಗಳು ಗೋದಾಮು ಬಿಟ್ಟರೆ ಪ್ರಬಂಧ ಆಗುತ್ತದೆ, ಬಿಡದಿದ್ದರೆ ಇಲ್ಲ. ಅಷ್ಟರಲ್ಲಿ ಸೈಟಿನ ಮೇಸ್ತ್ರಿ ಕೊಂಡಾಪುರದ ಒಂದು ಆಫೀಸಿನ ರಿಸೆಪ್ಷನ್ನಿನಲ್ಲಿ ಕೆಲಸ ಗೊತ್ತುಮಾಡಿದ್ದ. ಮುಂದಿನ ತಿಂಗಳ ಒಂದನೇ ತಾರೀಖಿಗೆ ಸೇರಬೇಕು. ಸ್ಕಾಲರ್‌ಶಿಪ್ ಬಂದರೆ ಓದು, ಇಲ್ಲದಿದ್ದರೆ ನೌಕರಿ ಎಂದು ಅಪ್ಪ ಹೇಳಿಬಿಟ್ಟಿದ್ದ.

ನಿಯಮ ಒಂಬತ್ತು ನನ್ನ ನೆನಪಿನಲ್ಲಿತ್ತು. ತಿರಸ್ಕೃತ ಅರ್ಜಿಯ ಕೊರತೆಗಳನ್ನು ಇಪ್ಪತ್ತೊಂದು ದಿನದೊಳಗೆ ಸರಿಪಡಿಸಿ ಮತ್ತೆ ಸಲ್ಲಿಸಬಹುದು. ಇದುವರೆಗೆ ಯಾರೂ ಸಲ್ಲಿಸಿರಲಿಲ್ಲ. ಭಾನುವಾರ ಶೆಡ್ಡಿಗೆ ಬರುತ್ತೇನೆ ಎಂದೆ. ಅರ್ಜಿಯ ವಿಳಾಸವನ್ನು ಕಣ್ಣಾರೆ ನೋಡಿ ಷರಾ ಬರೆಯುವುದು ಸಂಘದಲ್ಲಿ ಎಂದೂ ಇರಲಿಲ್ಲ. ಅವತ್ತಿನಿಂದ ಶುರುವಾಯಿತು.

ಭಾನುವಾರ ಉಪ್ಪಲಿನಿಂದ ಮೊದಲ ಮೆಟ್ರೋ ಹಿಡಿದು, ಕೊನೆಯ ನಿಲ್ದಾಣದಲ್ಲಿ ಇಳಿದು, ಆಟೋದಲ್ಲಿ ಕೊಂಡಾಪುರ ಮುಟ್ಟಿದೆ. ಗೇಟಿನ ಕಾವಲುಗಾರ ಇಸ್ತ್ರಿ ಮಾಡಿದ ನನ್ನ ಸೀರೆ ನೋಡಿ ಎದ್ದು ನಿಂತ. "ಫ್ಲ್ಯಾಟ್ ಚೂಡಡಾನಿಕಾ ಮೇಡಂ? ಸೇಲ್ಸ್ ಆಫೀಸ್ ಅಟು," ಎಂದು ಕಾರಂಜಿಯ ಕಡೆ ಕೈ ತೋರಿಸಿದ. ಫ್ಲ್ಯಾಟು ನೋಡಲಿಕ್ಕಲ್ಲ, ಶೆಡ್ಡಿಗೆ ಎಂದೆ. ಕುಳಿತುಬಿಟ್ಟ.

ಹುಡುಗಿಯ ಅವ್ವ ಬಾಗಿಲಲ್ಲೇ ಇದ್ದಳು. ಸೊಂಟದ ಮೇಲೆ ಕೈ.

"ಬರ್ರಿ ಅಮ್ಮಾರ, ಸ್ಥಿತಿವಂತರ ಮನಿಗೆ ಬರ್ರಿ. ಸೋಫಾ ಇನ್ನೂ ಬಂದಿಲ್ಲ, ಇದರ ಮ್ಯಾಲ ಕುಂಡ್ರಿ," ಎಂದು ಬಣ್ಣದ ಖಾಲಿ ಡಬ್ಬಿಯನ್ನು ಬೋರಲು ಹಾಕಿದಳು.

ಕುಳಿತೆ. ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ನನ್ನ ನಾಷ್ಟಾ ಎಂಟಕ್ಕೆ. ಎಂಟಾಗಿತ್ತು, ತಿಂದೆ. ಇಬ್ಬರು ಸದಸ್ಯರ ಸಹಿಯ ಮಾತು ತೆಗೆದೆ. ಸಂಘದವರು ಯಾರಾದರೂ ಗೊತ್ತೇ?

"ಕನ್ನಡ ಸಂಘ ಎಲ್ಲಿ ಐತ್ರಿ ಅದು? ಹನ್ನೆರಡ ವರ್ಷಾತು ಈ ಊರಿಗೆ ಬಂದು. ನಮ್ಮನ್ನ ಯಾರೂ ಕರದಿಲ್ಲ, ನಾವೂ ಕೇಳಿಲ್ಲ. ಅಲ್ಲಿ ಏನ್ ಮಾಡ್ತಾರ? ಕನ್ನಡ ಮಾತಾಡ್ತಾರಾ? ಅದನ್ನ ನಾವು ಇಲ್ಲೇ ಮಾತಾಡಾಕತ್ತೀವಿ."

ಮನೆಗೆ ಬಂದು ಸದಸ್ಯರ ರಿಜಿಸ್ಟರ್ ತೆರೆದೆ. ವಿಳಾಸದ ಅಂಕಣದಲ್ಲಿ ಕ್ವಾರ್ಟರ್ಸು, ಕಾಲೊನಿ, ಎನ್‌ಕ್ಲೇವು. ಒಂದು ಶೆಡ್ಡಿಲ್ಲ. ಸದಸ್ಯತ್ವದ ನಿಯಮ ಮಾತ್ರ ಸ್ಪಷ್ಟವಾಗಿತ್ತು: ಈ ನಗರದಲ್ಲಿ ವಾಸಿಸುವ, ಹದಿನೆಂಟು ತುಂಬಿದ, ಕನ್ನಡ ಬಲ್ಲ ಯಾರಾದರೂ. ಅರ್ಜಿ ಪಡೆದು ಹೆಸರು ದಾಖಲಿಸುವ ಅಧಿಕಾರ ಕಾರ್ಯದರ್ಶಿಯದು. ಷಡ್ಡಕರನ್ನೂ ಸೊಸೆಯ ತಮ್ಮಂದಿರನ್ನೂ ತಡೆಯಲು ನಾನು ಹಾಕಿದ ಬಾಗಿಲು ಇಷ್ಟು ವರ್ಷ ತಡೆದದ್ದು ಇವರನ್ನು. ಸದಸ್ಯರ ಪರಿಚಯವಿಲ್ಲದವರಿಗೆ ಸಹಿ ಎಲ್ಲಿಂದ ಸಿಗಬೇಕು? ಇದಕ್ಕೆ ಪಶ್ಚಾತ್ತಾಪ ಪಡುತ್ತಾ ಕೂರುವ ಅಭ್ಯಾಸ ನನಗಿಲ್ಲ. ಖಾಲಿ ಅರ್ಜಿಗಳನ್ನು ಎಣಿಸಿ ಚೀಲಕ್ಕೆ ಹಾಕಿದೆ.

ಎರಡನೇ ಭಾನುವಾರ ಹನ್ನೊಂದನೇ ಶೆಡ್ಡಿನ ಮುಂದೆ ಹಲಗೆಯೊಂದನ್ನು ಮೇಜು ಮಾಡಿಕೊಂಡು ಕುಳಿತೆ. ಜನ ಸುತ್ತ ನಿಂತರು. ಮೊದಲು ಮಾತಾಡಿದವನು ಮೇಸ್ತ್ರಿ, ನೌಕರಿ ಗೊತ್ತುಮಾಡಿದವನೇ.

"ಸದಸ್ಯ ಆದ್ರ ಏನ್ ಸಿಗತೈತ್ರಿ ಮೇಡಂ? ರೇಶನ್ನಾ?"

"ಯುಗಾದಿಗೆ ಒಂದ ಊಟ. ಮತ್ತ ಸಭಾದಾಗ ನಿಂತು ಜಗಳಾ ಮಾಡೂ ಹಕ್ಕು."

"ಜಗಳಾ ಮನ್ಯಾಗ ಪುಕಟ ಸಿಗತೈತಿ."

"ನನ್ನ ಹೆಸರ ಬರೀರಿ," ಎಂದು ಹಿಂದಿನಿಂದ ಒಬ್ಬ ಮುದುಕಿ ಮುಂದೆ ಬಂದಳು. ಸೈಟಿನ ಕೂಸುಗಳನ್ನು ಹಗಲೆಲ್ಲ ನೋಡಿಕೊಳ್ಳುವವಳು. "ಊಟ ಬಿಡ್ರಿ, ನಾ ಜಗಳಕ್ಕ ಬರ್ತೀನಿ."

ಆಮೇಲೆ ಸಾಲು ನಿಂತಿತು. ಸದಸ್ಯತ್ವದ ಶುಲ್ಕ ನಾನು ಕೊಡುತ್ತೇನೆ ಎಂದದ್ದಕ್ಕೆ ಹುಡುಗಿಯ ಅವ್ವ ನನ್ನ ಕಡೆ ನೋಡಿದ ನೋಟದಲ್ಲೇ ಆ ಮಾತು ಸತ್ತಿತು. "ಯಾಕ್ರಿ? ನಾವು ದುಡೀತೀವಿ." ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಾರು ಹೊಸ ಸದಸ್ಯರು.

ಶಿಫಾರಸಿಗೆ ಮುದುಕಿ ಹೆಬ್ಬೆಟ್ಟು ಒತ್ತಿದಳು. ಎರಡನೆಯದಕ್ಕೆ ಎಲ್ಲರೂ ಮೇಸ್ತ್ರಿಯ ಮುಖ ನೋಡಿದರು. ಸರಾಗವಾಗಿ ಸಹಿ ಮಾಡಬಲ್ಲವನು ಅವನು.

"ನೌಕರಿ ಕೊಡಿಸಿದವ ನಾನು. ಅದನ್ನ ಬಿಡು ಅಂತ ಸಹಿ ಹಾಕಾಂವನೂ ನಾನ ಏನು?"

"ಹಾಕೋ ಅಳಿಯಾ," ಎಂದಳು ಮುದುಕಿ. "ರಿಸೆಪ್ಷನ್ನಿಗೆ ನೂರು ಹುಡುಗ್ಯಾರು ಸಿಗತಾರ. ನಿನ್ನ ಬಗ್ಗೆ ಬರ್ಯಾಕ ಯಾಂವ ಬರ್ತಾನ?"

ಗೊಣಗುತ್ತಲೇ ಹಾಕಿದ. ಕೆಳಗೆ ಎರಡು ಗೆರೆ ಬೇರೆ ಎಳೆದ.

ಮೂರನೇ ಭಾನುವಾರ ಹತ್ತು ಗಂಟೆಗೆ ಸಮಿತಿಯ ಸಭೆ. ಹುಡುಗಿ, ಮುದುಕಿ, ಮೇಸ್ತ್ರಿ ಮೂವರನ್ನೂ ಒಂಬತ್ತೂ ಐವತ್ತಕ್ಕೆ ಹಿಂದಿನ ಬೆಂಚಿನಲ್ಲಿ ಕೂರಿಸಿದ್ದೆ. ಅಧ್ಯಕ್ಷರು ಅವರನ್ನೂ ನನ್ನನ್ನೂ ನೋಡಿ, "ಇದು ಒಂದ್ಸಲ ತಿರಸ್ಕಾರ ಆಗಿದೆಯಲ್ಲಮ್ಮಾ," ಎಂದರು.

"ನಿಯಮ ಒಂಬತ್ತು," ಎಂದೆ. "ಸ್ಥಿತಿವಂತರು ಅಂತ ಬರೆದದ್ದು ನಾನು. ವಿಳಾಸ ನೋಡಿ ಬಂದಿದ್ದೇನೆ, ಅದು ತಗಡಿನ ಶೆಡ್ಡು. ತಪ್ಪು ನನ್ನದು ಅಂತ ನಡವಳಿಯಲ್ಲಿ ಬರೆದಾಗಿದೆ. ಮುಂದಿನದಕ್ಕೆ ಹೋಗೋಣ."

ಖಜಾಂಚಿ ಅರ್ಜಿಯನ್ನು ಎತ್ತಿ ಬೆಳಕಿಗೆ ಹಿಡಿದರು. "ಸಹಿ ಅಂದ್ರ ಸಹಿ ಇರಬೇಕ್ರಿ ಮೇಡಂ. ಹೆಬ್ಬೆಟ್ಟು ನಡಿಯಂಗಿಲ್ಲ."

"ಪ್ರತಿ ನವೆಂಬರದಾಗ ನೀವು ಇನ್ನೂ ಜೀವಂತ ಅದೀನಿ ಅಂತ ಸರಕಾರಕ್ಕ ಹೆಂಗ ತೋರಸ್ತೀರಿ?"

ಅವರು ಅರ್ಜಿಯನ್ನು ಕೆಳಗಿಟ್ಟರು. ಪಿಂಚಣಿದಾರರಿಗೆ ಬಿಡಿಸಿ ಹೇಳಬೇಕಿಲ್ಲ. ಯಂತ್ರದ ಗಾಜಿನ ಮೇಲೆ ಬೆರಳೊತ್ತಿ, ಅದು ಹಸಿರು ದೀಪ ತೋರುವ ತನಕ ಉಸಿರು ಹಿಡಿದು ನಿಲ್ಲುವವರು ನಾವು.

"ನಮ್ಮ ಐದೂ ಮಂದಿ ಅನ್ನ ಹೆಬ್ಬೆಟ್ಟಿನ ಮ್ಯಾಲ ನಡದೈತಿ. ಆಕಿದು ಯಾಕ ನಡಿಯಂಗಿಲ್ಲ?"

ಹೆಬ್ಬೆಟ್ಟು ನಡೆಯಿತು. ಆದರೆ ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಮುದುಕಿ, "ಅಳಿಯಾ, ಜರಾ ನೀರ ಕೊಡೋ," ಎಂದಳು. ಹುಡುಗಿ, "ತಡಿ ಆಯಿ, ನೀರು ಎಲ್ಲೈತೋ ಕಾಕಾಗ ಗೊತ್ತಿಲ್ಲ, ನಾ ತರ್ತೀನಿ," ಎಂದು ಎದ್ದಳು. ಅಧ್ಯಕ್ಷರ ಕಿವಿ ಚುರುಕು.

"ನಿಲ್ಲಿ. ಆಯಿ, ಕಾಕಾ, ಅಳಿಯ. ಎಲ್ಲಾ ಒಂದೇ ಮನೆಯೋರು! ನಿಯಮ ಏಳು, ಎರಡನೇ ಸಾಲು. ನೀವೇ ಬರೆದದ್ದಲ್ಲವಾ ಕಾರ್ಯದರ್ಶಿಯವರೇ?"

ನಾನೇ ಬರೆದದ್ದು. ಅವರು ಸಂಬಂಧಿಕರಲ್ಲ ಎಂದು ನನಗೆ ಅನಿಸಿತ್ತು, ಆದರೆ ಕೇಳಿ ಖಚಿತಪಡಿಸಿಕೊಂಡಿರಲಿಲ್ಲ. ಇಪ್ಪತ್ತೊಂದು ದಿನ ಆವತ್ತಿಗೆ ಮುಗಿಯುತ್ತಿತ್ತು. ಬೇರೆ ಇಬ್ಬರ ಸಹಿ ತರಲು ಹೊತ್ತಿಲ್ಲ. ಖಜಾಂಚಿ ಪೆನ್ನಿನ ಮುಚ್ಚಳ ಹಾಕಿದರು.

ಹುಡುಗಿ ನೀರಿಗೆ ಹೋಗುವುದನ್ನು ಬಿಟ್ಟು ತನ್ನ ಚೀಲದಿಂದ ಸುರುಳಿ ಸುತ್ತಿದ ಹಾಳೆಯನ್ನು ತೆಗೆದಳು. ಅಧ್ಯಕ್ಷರ ಮೇಜಿನ ಮೇಲೆ ಹರಡಿ, ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಚಹಾ ಕಪ್ಪು ಇಟ್ಟಳು. ಹಾಳೆಯ ತುಂಬಾ ತ್ರಿಕೋನ, ವೃತ್ತ, ಗೆರೆ.

"ಏನಮ್ಮಾ ಇದು? ಸರ್ಕ್ಯೂಟಾ?"

"ಸಂಬಂಧದ ನಕಾಶೆ ಸರ್. ತ್ರಿಕೋನ ಗಂಡಸು, ವೃತ್ತ ಹೆಂಗಸು. ಗಟ್ಟಿ ಗೆರಿ ರಕ್ತದ್ದು, ಜೋಡಿ ಗೆರಿ ಮದುವಿದು. ಇದು ನಮ್ಮ ಶೆಡ್ಡಿನ ಸಾಲು."

"ಈ ಚುಕ್ಕಿ ಗೆರೆ?"

"ಅದು ಶೆಡ್ಡಿಂದು. ಒಂದ ಕಟ್ಟಡ ಪಾಯಾದಿಂದ ಮುಗಿಯೂಮಟ ಒಂದ ಸಾಲಿನ್ಯಾಗ ಇದ್ದವರು ಒಬ್ಬರನ್ನೊಬ್ರು ಹಿಂಗ ಕರೀಬೇಕು. ಆಮ್ಯಾಲ ಬ್ಯಾರೆ ಬ್ಯಾರೆ ಸೈಟಿಗೆ ಹ್ವಾದ್ರೂ ಅದು ಅಳಿಯಂಗಿಲ್ಲ. ಆಯಿ ಸುರಪುರದಕಿ. ಕಾಕಾ ದೇವದುರ್ಗದಂವ. ನಾವು ಶಹಾಪುರ. ನೋಡ್ರಿ, ಆಯಿಯಿಂದ ನನಗ ಗಟ್ಟಿ ಗೆರಿ ಐತೇನು? ಕಾಕಾನಿಂದ ಐತೇನು?"

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಬಗ್ಗಿದರು. ಬೆರಳಿನಿಂದ ಒಂದೊಂದೇ ಗೆರೆ ಹಿಡಿದು ಹೋದರು. ಮುದುಕಿಯ ವೃತ್ತದಿಂದ ಹೊರಟ ಗೆರೆಗಳೆಲ್ಲ ಚುಕ್ಕಿಯವೇ ಆಗಿದ್ದವು.

"ನಮ್ಮ ಕುಲಾ ಬ್ಯಾರೆ, ದೇವರ ಬ್ಯಾರೆ," ಎಂದಳು ಮುದುಕಿ ಕುಳಿತಲ್ಲಿಂದಲೇ. "ಅವಂಗ ಅಳಿಯಾ ಅನ್ನೂದು ಯಾಕಂದ್ರ, ಅವನ ಹೇಣ್ತಿ ಬಾಣಂತನ ನಾ ಮಾಡೀನಿ. ಆಕಿ ಅವ್ವ ಕೂಸಿನ ಮಾರಿ ನೋಡಾಕ ಸೈತ ಬರಲಿಲ್ಲ."

"ಮಾತು ನೋಡಾ!" ಎಂದ ಮೇಸ್ತ್ರಿ. ಅಲ್ಲ ಎನ್ನಲಿಲ್ಲ.

"ಇದೆಲ್ಲಾ ನಿಂಗೆ ಹೇಗೆ ಗೊತ್ತಾಯ್ತು?" ಅಧ್ಯಕ್ಷರು ಹಾಳೆಯಿಂದ ತಲೆ ಎತ್ತಲಿಲ್ಲ.

"ಕೇಳಿ ಕೇಳಿ ಬರದೀನ್ರಿ. ಒಬ್ಬರು ಹೇಳಿದ್ದನ್ನ ಇನ್ನೊಬ್ಬರ ಹಂತ್ಯಾಕ ತಾಳೆ ಹಾಕಿ ನೋಡೀನಿ. ಇದಕ್ಕ ಮಾನವಶಾಸ್ತ್ರ ಅಂತಾರ ಸರ್. ಇನ್ನ ಮೂರು ಸೈಟ್ ಉಳದಾವು."

ಖಜಾಂಚಿಗೆ ಸುಮ್ಮನಿರಲಾಗಲಿಲ್ಲ. "ಹಂಗಾದ್ರ ನಮ್ಮ ಸಂಘದ್ದೂ ಒಂದ ನಕಾಶೆ ತಗಿ ನೋಡೋಣು!"

"ತಗೀಬಹುದ್ರಿ," ಎಂದಳು ಹುಡುಗಿ. "ಖರೇ ಅಂದ್ರ, ಹಳೇ ಸ್ಕಾಲರ್‌ಶಿಪ್ ಪಟ್ಟಿ ಕೊಟ್ರ ಗಟ್ಟಿ ಗೆರಿನ ಭಾಳ ಬರ್ತಾವು ಅಂತಾರ."

ಇದನ್ನು ಅವಳಿಗೆ ಯಾರು ಹೇಳಿದ್ದರೋ ನನಗೆ ತಿಳಿಯದು. ನಾನಂತೂ ಹೇಳಿರಲಿಲ್ಲ. ಅಧ್ಯಕ್ಷರು ಜೋರಾಗಿ ನಕ್ಕುಬಿಟ್ಟರು. ನಗುತ್ತಾ, ನಕಾಶೆಯ ಮೇಲೆ ಬಗ್ಗಿದ ತಲೆಯನ್ನು ಹೂಂ ಹೂಂ ಎಂದು ಆಡಿಸಿದರು. ಇನ್ನಿಬ್ಬರು ಅದನ್ನೇ ಕಾಯುತ್ತಿದ್ದರು, ಅವರೂ ಆಡಿಸಿದರು. ನಾನು ಕೈ ಮೊದಲೇ ಎತ್ತಿದ್ದೆ. ಹನ್ನೊಂದೂ ಇಪ್ಪತ್ತಕ್ಕೆ ಅರ್ಜಿ ಮಂಜೂರಾಯಿತು. ನಾಲ್ಕು ತಿಂಗಳಿಗೆ, ಪೂರ್ತಿ.

"ನನ್ನ ವಿರೋಧ ಬರಕೋರಿ," ಎಂದರು ಖಜಾಂಚಿ. ಬರೆದುಕೊಂಡೆ. ನಡವಳಿಯಲ್ಲಿ ನಾನು ಯಾರ ಮಾತನ್ನೂ ಬಿಡುವವಳಲ್ಲ. "ಮುಂದಿನ ವರ್ಷ ನಿಯಮ ತಿದ್ದೋಣು. ಬರೇ ಇಂಜಿನಿಯರಿಂಗ್, ಮೆಡಿಕಲ್. ಖಾಲಿಪೀಲಿ ತಲಿನೋವು ಬ್ಯಾಡ."

"ತಿದ್ರಿ. ಅದಕ್ಕ ಸರ್ವಸದಸ್ಯರ ಸಭಾ ಕರೀಬೇಕಾಗ್ತದ," ಎಂದು ಸದಸ್ಯರ ರಿಜಿಸ್ಟರನ್ನು ಅವರ ಕಡೆ ತಳ್ಳಿದೆ. "ಕಡೀ ಹಾಳಿ ಓದ್ರಿ. ಇಪ್ಪತ್ತಾರು ಮಂದಿ ಹೊಸಬರು. ಕ್ವಾರ್ಟರ್ಸಿನವರಂಗ ಸಭಾ ತಪ್ಪಸೂ ಮಂದಿ ಅಲ್ಲ. ಅವರ ಮುಂದ ನಿಂತು ಹೇಳ್ರಿ, ಈ ಓದಿಗೆ ರೊಕ್ಕಾ ಕೊಡಂಗಿಲ್ಲ ಅಂತ."

"ನಾ ಮುಂದಿನ ಸಾಲಿನ್ಯಾಗ ಕುಂಡ್ರತೀನಿ," ಎಂದಳು ಮುದುಕಿ.

ಹೊರಗೆ ಮೆಟ್ಟಿಲ ಮೇಲೆ ಮೇಸ್ತ್ರಿ ನಿಂತುಬಿಟ್ಟ. "ಮತ್ತ ಒಂದನೇ ತಾರೀಖಿಗೆ ಆ ಆಫೀಸಿನವರಿಗೆ ಏನ್ ಹೇಳ್ಲಿ? ಮಾತು ಕೊಟ್ಟೀನಿ. ನನ್ನ ಮಾರಿ ಏನಾಗಬೇಕು?"

"ಬರಂಗಿಲ್ಲ ಅಂತ ಹೇಳು ಕಾಕಾ."

"ನೀನ ಹೇಳು."

"ನೀ ಮಾತಾಡಿಟ್ಟದ್ದು, ನೀನ ಬಿಡಸು. ಈಗ."

ಹುಡುಗಿ ಅವನ ಅಂಗಿಯ ಜೇಬಿನಿಂದ ಫೋನು ತೆಗೆದು ಅವನ ಕೈಗಿಟ್ಟಳು. ಮುದುಕಿ ಒಂದು ಮೆಟ್ಟಿಲು ಕೆಳಗೆ ಕುಳಿತು ಕಾಯತೊಡಗಿದಳು. ಅವನು ನಂಬರು ಒತ್ತಿದ, ಗಂಟಲು ಸರಿಮಾಡಿಕೊಂಡ, ತೆಲುಗಿನಲ್ಲಿ ಶುರುಮಾಡಿದ. ಆ ಹುಡುಗಿ ಬರುವುದಿಲ್ಲ ಸಾರ್, ಓದುತ್ತಾಳೆ. ಆ ಕಡೆಯಿಂದ ಜೋರು ಮಾತು ಕೇಳಿಸಿತು. ಇವನು ಹೂಂ, ಹೂಂ ಎನ್ನುತ್ತಾ ಚಪ್ಪಲಿಯ ತುದಿಯಿಂದ ಮೆಟ್ಟಿಲು ಕೆರೆದ. ಬಳಿಕ ಏನು ಓದುತ್ತಾಳೆ ಎಂದು ಅವರು ಕೇಳಿರಬೇಕು. ಅವನು ಕೆರೆಯುವುದನ್ನು ನಿಲ್ಲಿಸಿ ನೆಟ್ಟಗೆ ನಿಂತ. ಒಮ್ಮೆ ಹುಡುಗಿಯ ಕೈಯ ಸುರುಳಿಯನ್ನು ನೋಡಿದ.

"ಮಾ ಗುರಿಂಚೇ, ಸಾರ್," ಎಂದ. ನಮ್ಮ ಬಗ್ಗೆಯೇ. ಅದನ್ನು ಬೀದಿಯ ಆಚೆ ಬದಿಗೂ ಕೇಳುವಷ್ಟು ಜೋರಾಗಿ ಹೇಳಿದ.